ಬೀರಮ್ಮನಿಗೆ ಶೇಂದಿ ಹತ್ತದ ದಿನಗಳು

ಇಸವಿ ಎರಡು ಸಾವಿರದ ಹದಿನೆಂಟು. ನನಗೆ ಆಗ ನಲವತ್ತೇಳು ವರ್ಷ. ಕ್ಷಯರೋಗದ ಚಿಕಿತ್ಸಾ ಮೇಲ್ವಿಚಾರಕನಾಗಿ ಹದಿನಾಲ್ಕು ವರ್ಷ ಮುಗಿಸಿದ್ದೆ. ಅದಕ್ಕೂ ಮೊದಲು ಗಡಿಭಾಗದ ಒಂದು ಕನ್ನಡ ಶಾಲೆಯಲ್ಲಿ ಒಂಬತ್ತು ವರ್ಷ ಜೀವಶಾಸ್ತ್ರವನ್ನೂ, ಪಂಡಿತರು ರಜೆಯಲ್ಲಿದ್ದಾಗಲೆಲ್ಲ ವ್ಯಾಕರಣವನ್ನೂ ಕಲಿಸಿದ್ದೆ. ಶಾಲೆಯನ್ನು ಬಿಟ್ಟರೂ ಮಾಸ್ತರಿಕೆ ನನ್ನನ್ನು ಬಿಡಲಿಲ್ಲ. ಜಹೀರಾಬಾದಿನಲ್ಲಿ, ತಾಂಡೂರಿನಲ್ಲಿ, ಕೊನೆಗೆ ನಾರಾಯಣಖೇಡದ ಸುತ್ತಲಿನ ಹಳ್ಳಿಗಳಲ್ಲಿ ರೋಗಿಗಳು ನನ್ನನ್ನು ‘ಟೀಬಿ ಮಾಸ್ತರ’ ಎಂದೇ ಕರೆದರು. ಮಾತ್ರೆ ನುಂಗುವವರ ಎದುರಿಗೆ ನಿಂತು ಚೀಟಿಯಲ್ಲಿ ಗುರುತು ಹಾಕುವುದು, ತಪ್ಪಿಸಿದವರನ್ನು ಹುಡುಕಿಕೊಂಡು ಹೋಗುವುದು, ತಿಂಗಳಿಗೊಮ್ಮೆ ಸಭೆಯಲ್ಲಿ ಲೆಕ್ಕ ಒಪ್ಪಿಸುವುದು ನನ್ನ ಕೆಲಸವಾಗಿತ್ತು. ಕಳೆದ ವರ್ಷ ಅವಧಿಗೆ ಮೊದಲೇ ಅದನ್ನು ಬಿಟ್ಟುಬಂದೆ.

ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ತರಬೇತಿಯಲ್ಲಿ ಎಲ್ಲವನ್ನೂ ಹೇಳಿರುತ್ತಾರೆ, ಒಂದನ್ನು ಬಿಟ್ಟು. ಆ ಒಂದು ವಿಷಯಕ್ಕಾಗಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಉದ್ದೇಶವೂ ನನಗಿಲ್ಲ. ಆಸ್ಪತ್ರೆ ಯಾವುದು, ಅಧಿಕಾರಿ ಯಾರು ಎಂಬುದನ್ನು ಬರೆಯುವುದಿಲ್ಲ. ಹೆಸರು ಬರೆದರೆ ಓದಿದವರೆಲ್ಲ ಆ ಒಬ್ಬರನ್ನು ಬೈದು ತಾವು ಕೈ ತೊಳೆದುಕೊಳ್ಳುತ್ತಾರೆ.

ಮೊದಲು ಜಹೀರಾಬಾದಿನ ಶಾಂತಾಬಾಯಿಯ ಮಾತು. ಹಸಿಶುಂಠಿ ತೊಳೆಯುವ ಕೂಲಿಯವಳು, ಮೂರು ಮಕ್ಕಳ ತಾಯಿ. ಚಿಕಿತ್ಸೆಯ ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಆಸ್ಪತ್ರೆಯ ಅಂಗಳದಲ್ಲಿ, ಹತ್ತು ಜನರೆದುರಿಗೆ ನನ್ನನ್ನು ತಡೆದು ನಿಲ್ಲಿಸಿದಳು.

“ಮಾಸ್ತರ, ನೀವು ಕೊಟ್ಟ ಕೆಂಪು ಗುಳಿಗಿ ನುಂಗೀನಿ. ನರ್ಸಮ್ಮ ಕೊಟ್ಟ ಮಕ್ಕಳಾಗದ ಗುಳಿಗೀನೂ ನುಂಗೀನಿ. ಮತ್ತ ಈ ನಾಕನೇದ್ದು ಹ್ಯಾಂಗ ಬಂತು, ಹೇಳ್ರಿ?”

“ಒಂದೆರಡು ದಿನ ಮರ್ತಿರಬೇಕು, ತಂಗಿ.”

“ನಾ ಮರ್ತಿರಬೇಕಾ? ಎರಡೂ ಒಂದೇ ನೀರಾಗ ನುಂಗೀನಿ. ನಿಮ್ಮ ಹಾಳಿ ಮ್ಯಾಲ ಒಂದ್ ದಿನಾನೂ ತಪ್ಪಿಲ್ಲ ಅಂತ ನೀವೇ ಬರ್ದೀರಿ. ಅದು ಖರೆ ಇದ್ರ ಇದೂ ಖರೆ!”

ಅವಳ ತರ್ಕದಲ್ಲಿ ಒಂದು ಕೊಂಕೂ ಇರಲಿಲ್ಲ. ಆದರೂ ನಾನು ನಂಬಲಿಲ್ಲ. ‘ಮರೆತಿದ್ದಾಳೆ’ ಎಂದೇ ಮನಸ್ಸಿನಲ್ಲಿ ಷರಾ ಬರೆದುಕೊಂಡೆ. ಮರುವಾರ ಬೇರೆ ಯಾವುದೋ ಕಾರಣಕ್ಕೆ ರಿಫಾಂಪಿಸಿನ್ ಎಂಬ ಆ ಕೆಂಪು ಗುಳಿಗೆಯ ಡಬ್ಬಿಯೊಳಗಿನ ಮಡಚಿದ ಕಾಗದವನ್ನು ಬಿಡಿಸಿದೆ. ಆ ಕಾಗದವನ್ನು ಯಾರೂ ಓದುವುದಿಲ್ಲ. ಅಕ್ಷರಗಳು ಸಾಸಿವೆಗಿಂತ ಸಣ್ಣವು. ಸಂತಾನ ನಿಯಂತ್ರಣದ ಮಾತ್ರೆಗಳನ್ನು ಈ ಔಷಧವು ನಿಷ್ಫಲಗೊಳಿಸಬಹುದು ಎಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಡಬ್ಬಿ ನಮ್ಮ ಕೈಯಲ್ಲೇ ಇತ್ತು. ಆ ಕಾಗದವೂ ಅದರೊಳಗೇ ಇತ್ತು. ನರ್ಸಮ್ಮ, ನಾನು, ವೈದ್ಯರು, ಮೂವರೂ ಸೇರಿ ಅವಳಿಗೆ ಮೋಸ ಮಾಡಿದ್ದೆವು. ಶಾಂತಾಬಾಯಿಯ ಮನೆಗೆ ಹೋಗಿ ತಪ್ಪು ನಮ್ಮದೆಂದು ಹೇಳಿದೆ. “ಈಗ ಬಂದ ಹೇಳ್ತೀರಿ,” ಎಂದಳು, ಮಗುವಿಗೆ ಹಾಲು ಕುಡಿಸುವ ಬಟ್ಟಲನ್ನು ತೊಳೆಯುತ್ತ. ಕುಳಿತುಕೊಳ್ಳಿ ಎನ್ನಲಿಲ್ಲ.

ಎರಡನೆಯವನು ತಾಂಡೂರಿನ ಇಸ್ಮಾಯಿಲ್, ಹಾಸುಗಲ್ಲಿಗೆ ಪಾಲಿಶ್ ಹಿಡಿಯುವವನು. ಅವನಿಗೆ ಚಿಕ್ಕಂದಿನಿಂದ ಮೂರ್ಛೆಯ ಕಾಯಿಲೆ. ಮಾತ್ರೆಯಿಂದ ಹತ್ತು ವರ್ಷ ಹತೋಟಿಯಲ್ಲಿದ್ದ ಮೂರ್ಛೆ, ಕ್ಷಯದ ಚಿಕಿತ್ಸೆ ಆರಂಭವಾದ ಎರಡನೆಯ ವಾರಕ್ಕೆ ಮರಳಿ ಬಂತು. ಅವನ ವೈದ್ಯರು ಮೂರ್ಛೆಯ ಮಾತ್ರೆಯನ್ನು ಹೆಚ್ಚಿಸಿದರು, ಹತೋಟಿಗೆ ಬಂತು. ಆರು ತಿಂಗಳಾದ ಮೇಲೆ ನಾನು ನನ್ನ ಔಷಧವನ್ನು ನಿಲ್ಲಿಸಿ, ಕಾರ್ಡಿನಲ್ಲಿ ‘ಗುಣಮುಖ’ ಎಂದು ದುಂಡಗೆ ಬರೆದು, ಕೈಕುಲುಕಿ ಕಳಿಸಿದೆ. ಹೆಚ್ಚಿಸಿದ ಮಾತ್ರೆಯನ್ನು ಇಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮೂರು ವಾರಗಳಲ್ಲಿ ಅವನು ತೂರಾಡತೊಡಗಿದ, ನಾಲಿಗೆ ತೊದಲಿತು. ಜೀವಮಾನದಲ್ಲಿ ಒಂದು ತೊಟ್ಟು ಕುಡಿಯದ ಮನುಷ್ಯನನ್ನು ನೋಡಿ ಜೊತೆಗಾರರು, “ಏನ್ ಮಿಯಾ, ಟೀಬಿ ಹೋದ ಖುಷೀಗಿ ಸುರು ಮಾಡೀಯೇನು?” ಎಂದು ನಕ್ಕರಂತೆ. ಆ ವಾರವೇ ಯಂತ್ರಕ್ಕೆ ಸಿಕ್ಕು ಅವನ ಬಲಗೈಯ ಎರಡು ಬೆರಳು ಹೋದವು. ಅವನು ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಇಲ್ಲಿ ಸ್ವಲ್ಪ ಪಾಠ ಹೇಳಲೇಬೇಕು. ನಾವು ನುಂಗುವ ಔಷಧಗಳಲ್ಲಿ ಹೆಚ್ಚಿನವನ್ನು ಯಕೃತ್ತಿನ ಕಿಣ್ವಗಳು ಮುರಿದು ಹೊರಗೆ ಹಾಕುತ್ತವೆ. ರಿಫಾಂಪಿಸಿನ್ ಯಕೃತ್ತಿನ ಕೋಶದೊಳಕ್ಕೆ ಹೋಗಿ ಅಲ್ಲಿರುವ ಒಂದು ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ಗ್ರಾಹಕವು ಕೋಶಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿ ಜೀನುಗಳು ಎಚ್ಚೆತ್ತು ಹೆಚ್ಚು ಹೆಚ್ಚು ಕಿಣ್ವವನ್ನು ತಯಾರಿಸಲು ಅಪ್ಪಣೆ ಕೊಡುತ್ತವೆ. ತಾಂಡೂರಿನ ತೊಗರಿ ಮಾರುಕಟ್ಟೆಯನ್ನು ನೋಡಿದವರಿಗೆ ಇದು ಸುಲಭ. ಹಮಾಲರ ಮೇಸ್ತ್ರಿ, ಗಟ್ಟಿ ದನಿಯ ಒಬ್ಬ ಮುಕಾದಮ ಬಂದು, “ಗಾಡಿ ಬರ್ಲಿಕತ್ತಾವ, ಹಮಾಲರನ್ನ ಕರೀರಿ!” ಎಂದು ಕೂಗುತ್ತಾನೆ. ಹಮಾಲರು ಒಟ್ಟುಗೂಡಲು ಒಂದೆರಡು ವಾರ ಬೇಕು. ಕೂಡಿದ ಮೇಲೆ ಅವರು ಮುಕಾದಮನ ಗಾಡಿಯನ್ನು ಮಾತ್ರ ಇಳಿಸುವುದಿಲ್ಲ. ಅಂಗಳಕ್ಕೆ ಬಂದ ಯಾವ ಗಾಡಿಯನ್ನಾದರೂ ಗಳಿಗೆಯಲ್ಲಿ ಬರಿದುಮಾಡುತ್ತಾರೆ. ಶಾಂತಾಬಾಯಿಯ ಮಾತ್ರೆಯೂ ಇಸ್ಮಾಯಿಲನ ಮಾತ್ರೆಯೂ ಹೀಗೆ ಕೆಲಸಕ್ಕೆ ಮೊದಲೇ ಖಾಲಿಯಾದ ಗಾಡಿಗಳು. ಮುಕಾದಮ ಹೊರಟುಹೋದ ಎರಡು ವಾರಕ್ಕೆ ಹಮಾಲರೂ ಚದುರುತ್ತಾರೆ. ಆಗ ಬಂದ ಗಾಡಿಗಳು ಇಳಿಯದೆ ಅಂಗಳದಲ್ಲಿ ಒಂದರ ಹಿಂದೆ ಒಂದು ನಿಲ್ಲುತ್ತವೆ. ಇಸ್ಮಾಯಿಲನ ಬೆರಳು ಹೋದದ್ದು ಆ ಹೊತ್ತಿನಲ್ಲಿ.

ಇಷ್ಟನ್ನೂ ಎರಡು ಪುಟಗಳಲ್ಲಿ ಬರೆದು ಮೇಲಕ್ಕೆ ಕಳಿಸಿದೆ. ಅದು ಕಡತಕ್ಕೆ ಸೇರಿತು.

ಎರಡು ಸಾವಿರದ ಹದಿನೇಳರ ಕೊನೆಗೆ ನಮ್ಮ ಕೆಲಸದ ವಿಧಾನ ಬದಲಾಯಿತು. ಅದುವರೆಗೆ ವಾರಕ್ಕೆ ಮೂರು ದಿನ ಕೊಡುತ್ತಿದ್ದ ಮಾತ್ರೆಗಳನ್ನು ದಿನವೂ ಕೊಡತೊಡಗಿದೆವು. ರೋಗಕ್ಕೆ ಅದು ಒಳ್ಳೆಯದು. ಇಂದಿಗೂ ನಾನು ಹಾಗೆಯೇ ಹೇಳುತ್ತೇನೆ. ಆದರೆ ಮುಕಾದಮ ಈಗ ದಿನಾಲೂ ಬರತೊಡಗಿದ್ದ. ಆಗ ನಾನು ನಾರಾಯಣಖೇಡಕ್ಕೆ ಬಂದಿದ್ದೆ. ಹೊಸ ರೋಗಿಯ ಅರ್ಜಿ ನಮೂನೆಯಲ್ಲಿ ‘ಮದ್ಯಪಾನ ಮಾಡುತ್ತೀರಾ’ ಎಂಬ ಪ್ರಶ್ನೆಯಿತ್ತು. ನಾನು ಪ್ರತಿಯೊಬ್ಬರನ್ನೂ ತಪ್ಪದೆ ಕೇಳುತ್ತಿದ್ದೆ: “ದಾರು ಕುಡೀತೀರಾ?” ಅವರು ತಪ್ಪದೆ, “ಇಲ್ರಿ, ನಾವು ದಾರು ಮುಟ್ಟಂಗಿಲ್ಲ,” ಎನ್ನುತ್ತಿದ್ದರು. ನಾನು ‘ಇಲ್ಲ’ ಎಂದು ಬರೆಯುತ್ತಿದ್ದೆ.

ನಾಗಲಗಿದ್ದದ ಕಡೆಯ ಒಂದು ಹಳ್ಳಿಯಲ್ಲಿ ಕುರಿ ಸಾಕುವ ಮನೆತನವೊಂದಿತ್ತು. ಅಣ್ಣ ತುಳಜಪ್ಪ, ತಮ್ಮ ಮಲ್ಕಪ್ಪ. ಮಲ್ಕಪ್ಪನ ಹೆಂಡತಿ ಬೀರಮ್ಮ. ಹದಿನೆಂಟರ ಜನವರಿಯಲ್ಲಿ ತುಳಜಪ್ಪನಿಗೆ ಚಿಕಿತ್ಸೆ ಆರಂಭಿಸಿದೆ. ಎರಡು ವಾರವಾಗುತ್ತಲೇ ಅವನು ನಿದ್ದೆ ಇಲ್ಲದೆ, ಕೈಕಾಲು ನಡುಗಿಸುತ್ತ, ಬೇಲಿಯ ಮೇಲೆ ಯಾರೋ ಕುಳಿತಿದ್ದಾರೆಂದು ಕೂಗತೊಡಗಿದ. ತಿಂಗಳ ಹೊತ್ತಿಗೆ ನನಗೆ ಹೇಳದೆ ಮಾತ್ರೆ ಬಿಟ್ಟ. ನಡುಕ ನಿಂತಿತು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಮಲಗಿದವನು ಮತ್ತೆ ಏಳಲಿಲ್ಲ. ನಾನು ಹೋಗಿ ನೋಡಿ, ಮಾತ್ರೆ ಬಿಟ್ಟದ್ದನ್ನು ಲೆಕ್ಕಹಾಕಿ, ನೋಂದಣಿ ಪುಸ್ತಕದಲ್ಲಿ ಬರೆದೆ: ‘ಚಿಕಿತ್ಸೆ ತ್ಯಜಿಸಿದ್ದರಿಂದ ಕ್ಷಯ ಉಲ್ಬಣಿಸಿ ಮರಣ.’ ವಾಕ್ಯ ಶುದ್ಧವಾಗಿತ್ತು. ಒಳಗಿನ ಸಂಗತಿ ಸುಳ್ಳಾಗಿತ್ತು. ಅದು ನನಗೆ ಗೊತ್ತಾದದ್ದು ಎಂಟು ತಿಂಗಳ ನಂತರ.

ಜುಲೈನಲ್ಲಿ ಬೀರಮ್ಮನ ಕಫದಲ್ಲಿ ಕ್ರಿಮಿ ಕಂಡಿತು. ಮೂವತ್ತೆಂಟರ ಹೆಂಗಸು, ನಲವತ್ತು ಕುರಿಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆಯುವವಳು, ಹಟಮಾರಿ.

“ಮಾಸ್ತರ, ನಮ್ಮ ಭಾವಗ ಹುಚ್ಚ ಹಿಡಿಸಿದ ಗುಳಿಗಿ ಇದೇ ಏನ್ರಿ?”

“ಹುಚ್ಚು ಹಿಡಿಸುವುದಿಲ್ಲವಮ್ಮ. ಬಿಟ್ಟದ್ದರಿಂದಲೇ ಅವನು ಹೋದದ್ದು.”

“ನಿಮ್ಮ ಮಾತ ನಂಬಿ ನುಂಗ್ತೀನಿ. ಸುಳ್ಳ ಆದ್ರ ನಿಮ್ಮ ಮನಿ ಮುಂದ ಬಂದ ಕೂಡ್ತೀನಿ, ನೋಡ್ರಿ.”

ಹನ್ನೊಂದನೆಯ ದಿನ ನಡುಕ ಬಂತು. ಹದಿನೈದನೆಯ ದಿನ ಮನೆಯವರು ಮಾತ್ರೆ ನಿಲ್ಲಿಸಿದರು. ಸೆಪ್ಟೆಂಬರಿನಲ್ಲಿ ಕಾಡಿಬೇಡಿ ಮತ್ತೆ ಆರಂಭಿಸಿದೆ. ಹನ್ನೆರಡನೆಯ ದಿನ ನಡುಕ. ನವೆಂಬರಿನಲ್ಲಿ ಮೂರನೆಯ ಸಲ. ಹತ್ತನೆಯ ದಿನ ಅಪಸ್ಮಾರದಂತೆ ಸೆಳೆತ ಬಂದು, ಅವಳನ್ನು ಎತ್ತಿನ ಗಾಡಿಯಲ್ಲೂ ಆಮೇಲೆ ಜೀಪಿನಲ್ಲೂ ಆಸ್ಪತ್ರೆಗೆ ತಂದರು. ಹೀಗೆ ಬಿಟ್ಟುಬಿಟ್ಟು ನುಂಗಿದರೆ ಕ್ರಿಮಿ ಔಷಧಕ್ಕೆ ಜಗ್ಗದಂತಾಗುತ್ತದೆ. ಆಗ ಉಳಿಯುವ ದಾರಿ ಬಹಳ ಕಿರಿದು. ನಾಲ್ಕನೆಯ ಅವಕಾಶ ಅವಳಿಗೆ ಸಿಗುತ್ತದೆಯೋ ಇಲ್ಲವೋ ಎಂಬುದೇ ನನ್ನ ಮುಂದಿದ್ದ ಪ್ರಶ್ನೆ.

ನಾನು ದಿನಗಳನ್ನು ಕಾಗದದ ಮೇಲೆ ಬರೆದುಕೊಂಡೆ. ಹನ್ನೊಂದು, ಹನ್ನೆರಡು, ಹತ್ತು. ಔಷಧವೇ ವಿಷವಾಗಿದ್ದರೆ ಪ್ರತಿ ಸಲವೂ ಹೀಗೆ ವಾರ ದಾಟುವವರೆಗೆ ಕಾಯುತ್ತಿತ್ತೇ? ಇದು ಹಮಾಲರು ಒಟ್ಟುಗೂಡುವ ಅವಧಿ. ಆದರೆ ಅವರು ಬರಿದುಮಾಡುತ್ತಿದ್ದ ಗಾಡಿ ಯಾವುದು? ಬೀರಮ್ಮ ಬೇರೆ ಯಾವ ಮಾತ್ರೆಯನ್ನೂ ನುಂಗುತ್ತಿರಲಿಲ್ಲ. ಅವಳ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲ ಕಡೆಯೂ ನನ್ನದೇ ಅಕ್ಷರದಲ್ಲಿ ‘ಇಲ್ಲ’, ‘ಇಲ್ಲ’, ‘ಇಲ್ಲ’.

ಆಸ್ಪತ್ರೆಯಲ್ಲಿ ಅವಳ ಮಂಚದ ಕೆಳಗೆ ಒಂದು ಪ್ಲಾಸ್ಟಿಕ್ ಡಬ್ಬಿಯಿತ್ತು. ಮಲ್ಕಪ್ಪ ಅದರಿಂದ ಲೋಟಕ್ಕೆ ಸುರಿಯುತ್ತಿದ್ದ. ಬೆಳ್ಳಗೆ, ನೊರೆನೊರೆಯಾಗಿತ್ತು.

“ಏನದು?”

“ಶೇಂದಿ ರೀ,” ಎಂದ, ನೀರು ಎನ್ನುವಷ್ಟೇ ಸಹಜವಾಗಿ. “ನಮ್ಮೂರದೇ ತಂದೀನಿ. ಇಲ್ಲೀದು ನಮ್ಮಕಿಗಿ ಒಗ್ಗಂಗಿಲ್ಲ.”

“ದಾರು ಕುಡಿಯುವುದಿಲ್ಲ ಎಂದಿದ್ದೆಯಲ್ಲ!”

ಅವನಿಗೆ ನಿಜವಾಗಿಯೂ ನೋವಾಯಿತು. “ಇದು ದಾರು ಹ್ಯಾಂಗ ಆಗ್ತದ, ಮಾಸ್ತರ? ದಾರು ಕುಡದಾಂವ ಹೆಂಡ್ತೀಗಿ ಹೊಡೀತಾನ. ಇದು ಶೇಂದಿ. ನಮ್ಮವ್ವ ಕುಡೀತಿದ್ಳು, ನಮ್ಮಜ್ಜಿ ಕುಡೀತಿದ್ಳು. ಕುರಿ ಕಾದ ಬಂದ ಮ್ಯಾಲ ಮೈ ನೋವಿಗಿ ಎರಡ ಸೀಸಾ. ಬೀಗರು ಬಂದ್ರ ಚಹಾ ಕೊಡ್ತೀರಿ ನೀವು, ನಾವು ಇದನ್ನ ಕೊಡ್ತೀವಿ.”

ಮಂಚದ ಮೇಲಿಂದ ಬೀರಮ್ಮ ಒಣಗಿದ ದನಿಯಲ್ಲಿ ನಡುವೆ ಬಾಯಿ ಹಾಕಿದಳು. “ಅದೂ ಈಗ ಎಲ್ಲಿ ಹತ್ತತದ? ಈ ಗುಳಿಗಿ ಸುರು ಆದಾಗಿಂದ ಎರಡ ಸೀಸಾ ಕುಡದ್ರ ಭಾವಿ ನೀರ ಕುಡದಂಗ. ನಾಕ ಕುಡದ್ರೂ ಕಣ್ಣ ಮುಚ್ಚವಲ್ವು. ಆ ಶೇಂದಿಯಾಂವ ನೀರ ಕಲಸಾಕತ್ಯಾನ ಅಂತ ಹೋಗಿ ಅವನ ಅಂಗಡಿ ಮುಂದ ಬಾಯಿ ಮಾಡಿ ಬಂದೀನಿ.”

“ಹೌದ್ರಿ,” ಎಂದು ಮಲ್ಕಪ್ಪ ಸೇರಿಸಿದ. “ನಮ್ಮಣ್ಣನೂ ಹಂಗೇ ಜಗಳ ಮಾಡಿದ್ದ. ಎರಡ ಇದ್ದದ್ದು ಐದ ಸೀಸಾಕ್ಕ ಹೋಗಿತ್ತು ಅವಂದು.”

ನಾನು ಅವಳ ಮಂಚದ ಅಂಚಿನಲ್ಲಿಯೇ ಕುಳಿತೆ. ಕೇಳಿದ ಪ್ರಶ್ನೆಗೆ ಇವರು ಸತ್ಯವನ್ನೇ ಹೇಳಿದ್ದರು. ಮದ್ಯದ ಹೆಸರನ್ನೂ ಎತ್ತದ ಮನೆಯಲ್ಲಿ ಬೆಳೆದ ನಾನು, ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಇದೇ ಸೀಮೆಯಲ್ಲಿ ತಿರುಗಾಡಿದ್ದರೂ, ಪ್ರತಿ ಮನೆಯ ಮೂಲೆಯಲ್ಲಿದ್ದ ಆ ಡಬ್ಬಿಯನ್ನು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಅವರ ಊರಿನ ಶೇಂದಿ ಅಂಗಡಿಗೆ ಹೋದೆ. ಅಂಗಡಿಯವನ ಹೆಸರು ನರ್ಸಯ್ಯ. ನನ್ನನ್ನು ಕಂಡೊಡನೆ ತಾನೇ ದೂರು ಆರಂಭಿಸಿದ.

“ಬರ್ರಿ ಮಾಸ್ತರ! ನಿಮ್ಮ ಟೀಬಿ ಮಂದಿ ನನ್ನ ಮರ್ಯಾದಿ ಕಳದಾರ. ಇಡೀ ಊರಿಗಿ ಹತ್ತತದ, ಇವ್ರಿಗಷ್ಟೇ ಹತ್ತಂಗಿಲ್ಲಂತ. ಏನ ಕೊಡ್ತೀರಿ ನೀವು ಅವ್ರಿಗಿ?”

“ನೀನು ಏನು ಹಾಕುತ್ತೀ ಇದರಲ್ಲಿ, ಅದನ್ನು ಮೊದಲು ಹೇಳು.”

ಅವನು ಸುತ್ತ ನೋಡಿ ನಕ್ಕ. “ನೀವು ಲೆಕ್ಕದ ಮನುಷ್ಯಾರು. ಈ ಊರಾಗ ಈಚಲ ಗಿಡ ಎಷ್ಟದಾವ, ಎಣಸ್ರಿ. ಕುಡಿಯೋ ಮಂದಿ ಎಷ್ಟದ, ಅದನ್ನೂ ಎಣಸ್ರಿ. ಮತ್ತ ನೀವೇ ಹೇಳ್ರಿ.”

“ಗಿಡ ಸಾಲದ್ದಕ್ಕೆ ಪುಡಿ ಹಾಕುತ್ತೀಯಾ?”

“ನಿದ್ದಿಗುಳಿಗಿ ಪುಡಿ ಇಲ್ಲಂದ್ರ ಇವ್ರೇ ಬಂದ ನನ್ನ ಹೊಡೀತಾರ. ಎರಡ ದಿನ ಅಂಗಡಿ ಮುಚ್ಚಿದ್ರ ಊರೆಲ್ಲ ಕೈ ನಡಗ್ತದ. ಇದೇನ ಹೊಸಾದಾ? ಎಲ್ಲಾರ್ಗೂ ಗೊತ್ತದ. ನಿಮಗಷ್ಟೇ ಗೊತ್ತಿಲ್ಲ.”

ನಿದ್ದೆಮಾತ್ರೆಯ ಪುಡಿ. ಅದನ್ನು ಒಡೆಯುವುದು ಯಕೃತ್ತಿನ ಅದೇ ಕಿಣ್ವ. ವರ್ಷಗಟ್ಟಲೆ ದಿನವೂ ಆ ಪುಡಿಯನ್ನು ಕುಡಿದ ಮೈಗೆ ಅದು ಥಟ್ಟನೆ ಸಿಗದೇ ಹೋದರೆ ನಡುಕ, ಭ್ರಮೆ, ಸೆಳೆತ ಬರುತ್ತವೆ. ನಾವು ರಿಫಾಂಪಿಸಿನ್ ಕೊಟ್ಟು, ಅವಳು ಕುಡಿಯುತ್ತಿದ್ದಾಗಲೇ ಅವಳ ಮೈಯಿಂದ ಅದನ್ನು ಕಸಿದುಕೊಳ್ಳುತ್ತಿದ್ದೆವು. ಅವಳು ಸೀಸೆಗಳನ್ನು ಹೆಚ್ಚಿಸುತ್ತಿದ್ದಳು. ಮಾತ್ರೆ ನಿಲ್ಲಿಸಿದ ಎರಡು ವಾರಕ್ಕೆ ಹಮಾಲರು ಚದುರಿದಾಗ ಆ ಹೆಚ್ಚಿನ ಸೀಸೆಗಳು ಪೂರ್ಣ ಬಲದಿಂದ ಹತ್ತುತ್ತಿದ್ದವು. ತುಳಜಪ್ಪ ಬೇವಿನ ಮರದ ಕೆಳಗೆ ಕುಡಿದದ್ದು ಐದು ಸೀಸೆ. ಅವನಿಗೆ ಉಸಿರಾಡಲು ನೆನಪಾಗಲಿಲ್ಲ, ಅಷ್ಟೆ. ನರ್ಸಯ್ಯನ ಕೊರಳುಪಟ್ಟಿಯನ್ನು ಹಿಡಿಯಬೇಕೆನಿಸಿತು. ಹಿಡಿದಿದ್ದರೆ ಇನ್ನೊಂದು ಕೈಯಿಂದ ನನ್ನದನ್ನೂ ಹಿಡಿಯಬೇಕಾಗುತ್ತಿತ್ತು.

ಡಿಸೆಂಬರ್ ತಿಂಗಳ ಸಭೆಯಲ್ಲಿ ಎದ್ದುನಿಂತು ಇದೆಲ್ಲವನ್ನೂ ಕ್ರಮವಾಗಿ ಹೇಳಿದೆ. ನಮ್ಮ ಮೇಲಧಿಕಾರಿಗಳು ಬೀದರಿನ ಕಡೆಯವರು, ಕನ್ನಡದಲ್ಲಿಯೇ ಮಾತನಾಡುವವರು. ಅಷ್ಟರ ಮಟ್ಟಿಗೆ ನನಗೆ ಅವರ ಮೇಲೆ ಮೊದಲು ಪ್ರೀತಿಯಿತ್ತು. ಅವರು ನೋಂದಣಿ ಪುಸ್ತಕದಲ್ಲಿ ಬೀರಮ್ಮನ ಹೆಸರಿನ ಮುಂದೆ ಆಗಲೇ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಮನೋರೋಗಿ. ಸಹಕರಿಸುವುದಿಲ್ಲ. ಚಿಕಿತ್ಸೆಗೆ ಅಯೋಗ್ಯಳು.’

“ಮಾಸ್ತರ, ನೀವು ಬಯಾಲಜಿ ಕಲ್ಸಿದ್ದು ಸಾಲಿ ಎಂಟನೇತ್ತಕ್ಕ,” ಎಂದರು. “ಇದು ಎಂಟನೇತ್ತ ಅಲ್ಲ. ಆಕಿ ಗುಳಿಗಿ ನುಂಗೇ ಇಲ್ಲ. ನಾಟಕ ಅದು.”

“ನುಂಗಿದ್ದಾಳೆ ಸರ್. ಮೂತ್ರ ಕೆಂಪಾಗಿದ್ದದ್ದನ್ನು ಪ್ರತಿ ಸಲವೂ ನೋಡಿದ್ದೇನೆ.”

“ಅಂದ್ರ ಶೇಂದಿ ಬಿಡಸ್ರಿ, ಆತು. ಒಂದೇ ದಿನದಾಗ ಬಿಡಸ್ರಿ.”

“ಒಂದೇ ದಿನದಲ್ಲಿ ಬಿಡಿಸಿದರೆ ಸೆಳೆತ ಬಂದು ಸಾಯುತ್ತಾಳೆ, ಸರ್.”

“ಬಿಟ್ರೂ ಸಾಯ್ತಾಳ, ಕುಡದ್ರೂ ಸಾಯ್ತಾಳ! ನಿಮ್ಮ ಹಮಾಲರು ಭಾಳ ಕೆಟ್ಟ ಮಂದಿ ಅದಾರ ಬಿಡ್ರಿ.”

ಸಭೆ ನಕ್ಕಿತು. ಹದಿನೆಂಟು ಜನ ನಕ್ಕರು. ಶಿಕ್ಷಕನಾಗಿದ್ದವನಿಗೆ ನಗುವವರ ತಲೆ ಎಣಿಸುವುದು ಅಭ್ಯಾಸ. ವಾರದ ನಂತರ ನನಗೆ ಒಂದು ಜ್ಞಾಪನ ಪತ್ರ ಬಂತು: ವಿದ್ಯಾರ್ಹತೆಯನ್ನು ಮೀರಿ ವೈದ್ಯಕೀಯ ಅಭಿಪ್ರಾಯ ನೀಡಿದ್ದಕ್ಕೆ ಸಮಜಾಯಿಷಿ ಕೊಡತಕ್ಕದ್ದು. ಅದರಲ್ಲಿದ್ದ ಏಳು ತಪ್ಪುಗಳನ್ನು ತಿದ್ದಿ ಹಿಂದಿರುಗಿಸುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡೆ. ಸಮಜಾಯಿಷಿಯ ಜೊತೆಗೆ ಡಬ್ಬಿಯೊಳಗಿನ ಆ ಮಡಚಿದ ಕಾಗದವನ್ನು, ಸಂಬಂಧಪಟ್ಟ ಸಾಲಿನ ಕೆಳಗೆ ಗೆರೆ ಎಳೆದು, ಲಗತ್ತಿಸಿದೆ. ಎರಡು ತಿಂಗಳು ಉತ್ತರ ಬರಲಿಲ್ಲ. ಆ ಎರಡು ತಿಂಗಳಲ್ಲಿ ಬೀರಮ್ಮನ ತೂಕ ನಲವತ್ತರಿಂದ ಮೂವತ್ತಮೂರಕ್ಕೆ ಇಳಿಯಿತು. ನನ್ನ ಸಿಟ್ಟು ಯಾಕೆ ಇಳಿದಿಲ್ಲ ಎಂದು ಕೇಳುವವರು ಆ ಏಳು ಕಿಲೋಗಳನ್ನು ಎಲ್ಲಿ ಇಟ್ಟಿದ್ದಾರೆಂದು ಮೊದಲು ಹೇಳಲಿ.

ಕೊನೆಗೆ ಕೇಳಿದವರು ಒಬ್ಬ ಹೆಣ್ಣುಮಗಳು. ಡಾಕ್ಟರ್ ಶಾಹೀನ್ ಆ ಆಸ್ಪತ್ರೆಗೆ ಜನವರಿಯಲ್ಲಿ ಹೊಸದಾಗಿ ಬಂದಿದ್ದರು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿಯರು. ನಾನು ದಿನಗಳ ಪಟ್ಟಿಯನ್ನು ಮುಂದಿಟ್ಟೆ. ಅವರು ಅರ್ಧಕ್ಕೇ ತಡೆದರು.

“ಶೇಂದಿ ಹತ್ತಂಗಿಲ್ಲ ಅಂತ ಆಕಿ ತಾನೇ ಅಂದ್ಳೇನು?”

“ಹೌದು, ಮೇಡಂ.”

“ಮತ್ತ ಇನ್ನೇನ ಬೇಕ್ರಿ? ಪೇಶಂಟ ತಾನೇ ಬಾಯಿಬಿಟ್ಟ ಹೇಳ್ಯಾಳ. ಕರ್ಕೊಂಡ ಬರ್ರಿ. ಮ್ಯಾಲಿನವ್ರಿಗಿ ನಾ ಜವಾಬ ಕೊಡ್ತೀನಿ.”

ಬೀರಮ್ಮ ಸುಲಭವಾಗಿ ಬರಲಿಲ್ಲ. ಮಲ್ಕಪ್ಪ ಬಾಗಿಲಲ್ಲೇ ಕೈ ಮುಗಿದು ಬೇಡವೆಂದ. ಅವಳು ಕಂಬಳಿಯೊಳಗಿನಿಂದ ನನ್ನನ್ನೇ ನೋಡುತ್ತಿದ್ದಳು.

“ಸುಳ್ಳ ಆದ್ರ ನಿಮ್ಮ ಮನಿ ಮುಂದ ಕೂಡ್ತೀನಿ ಅಂದಿದ್ದೆ. ಕೂಡಾಕ ಶಕ್ತಿ ಇಲ್ಲ, ಅದಕ್ಕ ಬಂದಿಲ್ಲ.”

“ಸುಳ್ಳೇ ಆಯಿತು, ಬೀರಮ್ಮ,” ಎಂದೆ. “ಮಾತ್ರೆಯ ವಿಷಯ ಸುಳ್ಳಲ್ಲ. ನಿನ್ನ ಭಾವನ ವಿಷಯದಲ್ಲಿ ನಾನು ಹೇಳಿದ್ದು ಸುಳ್ಳು. ಅವನು ರೋಗದಿಂದ ಸತ್ತದ್ದಲ್ಲ. ಕೇಳಬೇಕಾದ್ದನ್ನು ನಾನು ಕೇಳಲಿಲ್ಲ.” ಹಮಾಲರ ಕಥೆಯನ್ನು ಮೊದಲಿನಿಂದ ಹೇಳಿದೆ. ಅವಳು ನಡುವೆ ಒಂದೇ ಪ್ರಶ್ನೆ ಕೇಳಿದಳು.

“ಹಂಗಾದ್ರ ಶೇಂದಿಯಾಂವ ನೀರ ಕಲಸಿದ್ದಿಲ್ಲಾ?”

“ಇಲ್ಲ.”

“ಅವನ ಅಂಗಡಿ ಮುಂದ ಸುಮ್ಮನ ಬಾಯಿ ಮಾಡಿದ್ನಲ್ಲ,” ಎಂದು ಅವಳು ಮೊದಲ ಸಲ ನಕ್ಕಳು. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ. ಆಮೇಲೆ ಗಂಡನಿಗೆ, “ಕುರೀಗೋಳ ನೋಡ್ಕೋ. ಕರೀ ಮೋತಿ ಈಯೂದದ, ದೂರ ಬಿಡಬ್ಯಾಡ,” ಎಂದಳು.

ಫೆಬ್ರವರಿಯಲ್ಲಿ ನಾಲ್ಕನೆಯ ಸಲ ಆರಂಭವಾಯಿತು. ಕ್ರಿಮಿ ಇನ್ನೂ ಔಷಧಕ್ಕೆ ಜಗ್ಗುತ್ತಿದೆಯೆಂದು ಪರೀಕ್ಷೆಯಿಂದ ತಿಳಿದಾಗ ಡಾಕ್ಟರ್ ಶಾಹೀನ್ ಮೇಜಿನ ಮೇಲೆ ಎರಡೂ ಕೈ ಇಟ್ಟು ಗಟ್ಟಿಯಾಗಿ ಉಸಿರುಬಿಟ್ಟರು. ಅವರು ಶೇಂದಿಯ ಬದಲು, ಆ ಹಮಾಲರ ಕೈಗೆ ಅಷ್ಟು ಸಲೀಸಾಗಿ ಸಿಗದ ಒಂದು ಮಾತ್ರೆಯನ್ನು ತಮ್ಮ ಕಣ್ಣೆದುರಿಗೇ ಕೊಟ್ಟು, ವಾರವಾರಕ್ಕೆ ಇಳಿಸುತ್ತ ಬಂದರು. ಅದು ವೈದ್ಯರ ಕೆಲಸ. ನೀವು ಯಾರೂ ಸ್ವಂತ ಬುದ್ಧಿಯಿಂದ ಅದಕ್ಕೆ ಕೈ ಹಾಕಬಾರದು. ಹತ್ತನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ನಾನು ಬೇರೆ ಊರುಗಳ ಕೆಲಸ ಮುಗಿಸಿ ದಿನವೂ ಸಂಜೆ ಅವಳ ಕೈಗಳನ್ನು ನೋಡಲು ಹೋಗುತ್ತಿದ್ದೆ. ಹನ್ನೆರಡನೆಯ ಸಂಜೆ ಬೆರಳುಗಳು ನಡುಗಿದವು. ಮಲ್ಕಪ್ಪ ಎದ್ದುನಿಂತ, ಊರಿಗೆ ಕರೆದೊಯ್ಯುತ್ತೇನೆಂದ. ಬೀರಮ್ಮ ನಡುಗುವ ಕೈಯಿಂದಲೇ ಅವನ ಧೋತರದ ಅಂಚು ಹಿಡಿದು ಕೂಡಿಸಿದಳು. “ಕೂಡ. ಹಮಾಲರು ಬಂದಾರ, ಅಷ್ಟೇ. ಡಾಕ್ಟರಮ್ಮ ನೋಡ್ತಾಳ.” ಹದಿನಾರನೆಯ ದಿನ ಅದೇ ಕೈಯಿಂದ ನನಗೆ ಚಹಾದ ಲೋಟ ಕೊಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ.

ಆರು ತಿಂಗಳು ಪೂರ್ಣವಾದವು. ಮಾತ್ರೆ ನಿಲ್ಲಿಸಿದ ಮೇಲೆಯೂ ಎರಡು ವಾರ ಅವಳ ಮನೆಗೆ ಹೋಗಿಬಂದೆ; ಇಸ್ಮಾಯಿಲನ ಬೆರಳುಗಳು ನನಗೆ ಕಲಿಸಿದ್ದು ಅದನ್ನೇ. ಮನೆಯ ಮೂಲೆಯಲ್ಲಿ ಡಬ್ಬಿ ಇರಲಿಲ್ಲ. ಮಲ್ಕಪ್ಪ ಮಾತ್ರ ಬೇಲಿಯಾಚೆ ಹೋಗಿ ಕುಡಿದು ಬರುತ್ತಿದ್ದ. ಅವಳು ಅವನಿಗೆ ಎಷ್ಟು ಸೀಸೆ ಎಂದು ಕೇಳಿ ಕೇಳಿ ಇಳಿಸುತ್ತಿದ್ದಳು. ನಮ್ಮ ನಮೂನೆಯಲ್ಲಿ ಇಂದಿಗೂ ಅದೇ ಹಳೆಯ ಪ್ರಶ್ನೆಯಿದೆ. ನೀವು ಅದನ್ನು ಕೇಳಿ, ಆಮೇಲೆ ನಮೂನೆಯನ್ನು ಮಡಚಿಟ್ಟು, “ಶೇಂದಿ ಎಷ್ಟು ಸೀಸೆ?” ಎಂದೂ ಕೇಳಿ. ಉತ್ತರ ಬರೆಯಲು ಅಂಕಣ ಇಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ. ಮೇಲಧಿಕಾರಿ ನಕ್ಕರೆ ನಗಲಿ.

ಕೊನೆಯ ಕಫ ಪರೀಕ್ಷೆಯ ವರದಿಯನ್ನು ಹಿಡಿದು ಸಭೆಗೆ ಹೋದೆ. ಡಾಕ್ಟರ್ ಶಾಹೀನ್ ಪಕ್ಕದಲ್ಲಿ ಬಂದು ನಿಂತಿದ್ದರು. ಅಧಿಕಾರಿಗಳು ವರದಿಯನ್ನು ನೋಡಿ, “ಆತಲ್ಲ, ಛಲೋ ಆತು. ಗುಣಮುಖ ಅಂತ ಬರೀರಿ,” ಎಂದು ಪುಸ್ತಕವನ್ನು ನನ್ನ ಕಡೆ ತಳ್ಳಿದರು.

ನಾನು ಅದನ್ನು ತಿರುಗಿ ಅವರ ಕಡೆಗೆ ತಳ್ಳಿದೆ. “ಕೆಂಪು ಶಾಯಿ ತಮ್ಮದು, ಸರ್. ತಾವೇ ಹೊಡೆದು ಹಾಕಬೇಕು. ನಾನು ಇನ್ನೊಬ್ಬರ ಷರಾದ ಮೇಲೆ ಬರೆಯುವುದಿಲ್ಲ.”

ಕೋಣೆಯಲ್ಲಿ ಯಾರೂ ನಗಲಿಲ್ಲ. ಅಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ‘ಮನೋರೋಗಿ’ ಎಂಬುದರಿಂದ ‘ಅಯೋಗ್ಯಳು’ ಎಂಬುದರವರೆಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿದರು. ಪುಸ್ತಕ ನನ್ನ ಕೈಗೆ ಬಂದಾಗ ನಾನು ಹಿಂದಿನ ವರ್ಷದ ಜನವರಿಯ ಪುಟಕ್ಕೆ ಹೋದೆ. ತುಳಜಪ್ಪನ ಹೆಸರಿನ ಮುಂದಿದ್ದ ನನ್ನ ಆ ಶುದ್ಧ ವಾಕ್ಯದ ಮೇಲೆ ಗೆರೆ ಎಳೆದು, ಕೆಳಗೆ ಬರೆದೆ: ‘ಮರಣದ ಕಾರಣವನ್ನು ನಾನು ವಿಚಾರಿಸಲಿಲ್ಲ. ಮೇಲಿನ ನಮೂದು ತಪ್ಪು.’ ಸಹಿ ಮಾಡಿ, ಅವರ ಸಹಿಯ ಕೆಳಗಿದ್ದ ತಾರೀಖನ್ನೇ ನನ್ನದರ ಕೆಳಗೂ ಬರೆದೆ: ಗುರುವಾರ, ೧೨ ಸೆಪ್ಟೆಂಬರ್ ೨೦೧೯.